ಕಬ್ಬಿನ ಬಿಲ್ಲಿನ ಲೆಕ್ಕದಲ್ಲಿ ಲೂಪ್ ಎಲ್ಲಿರಬೇಕು: ಬೆಳಗಾವಿಯ ಒಂದು ಪ್ರಕರಣ

ಹಿನ್ನೆಲೆ

ರಾಜ್ಯದಲ್ಲಿ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವುದು ಬೆಳಗಾವಿ ಜಿಲ್ಲೆಯಲ್ಲಿ. ಕಬ್ಬು ನುರಿಸುವ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಬೇಸಿಗೆಯ ಹೊತ್ತಿಗೆ ಮುಗಿಯುತ್ತದೆ. ಬಿಲ್ಲಿನ ತಕರಾರುಗಳು ಮಾತ್ರ ಎಷ್ಟೋ ಸಲ ಮುಂದಿನ ಹಂಗಾಮಿನವರೆಗೂ ಎಳೆಯುತ್ತವೆ. ಇಲ್ಲಿ ಬರೆದಿರುವುದು ನಗರದ ಒಂದು ಸಣ್ಣ ಲೆಕ್ಕಪತ್ರ ಸಂಸ್ಥೆಯ ಪ್ರಕರಣ. ಒಂದು ಕಾರ್ಖಾನೆ ರೈತರಿಗೆ ಕೊಟ್ಟ ಕಬ್ಬಿನ ಬಿಲ್ಲುಗಳನ್ನು ಮರುಲೆಕ್ಕ ಹಾಕಿ, ಎಲ್ಲಿ ಹೆಚ್ಚುಕಡಿಮೆಯಾಗಿದೆ ಎಂದು ತೋರಿಸುವ ಕೆಲಸ ಈ ಸಂಸ್ಥೆಗೆ ಬಂದಿತ್ತು. ಸಂಸ್ಥೆಯ, ಕಾರ್ಖಾನೆಯ ಮತ್ತು ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ರೈತರ ಚೀಟಿ ಮತ್ತು ಕಂತುಗಳ ಮೊತ್ತಗಳು ವಿವರಣೆಗೆಂದು ನಾನೇ ಹಾಕಿದವು. ಸರ್ಕಾರದ ದರಗಳು ಮಾತ್ರ ಇದ್ದಂತೆಯೇ ಇವೆ. ಈ ಕೆಲಸವನ್ನು ನಾನು ಹೊರಗಿನ ಪರಿಶೀಲಕನಾಗಿ ನೋಡಿದೆ, ನಿರ್ಧಾರಗಳು ಅವರವು.

ಸಂಸ್ಥೆಯಲ್ಲಿ ಈ ಲೆಕ್ಕವನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು. ಒಬ್ಬರು ಹಿರಿಯರು: ಬಹಳ ವರ್ಷ ಹೊರನಾಡಿನ ವಿಮಾ ಕಂಪನಿಯೊಂದರಲ್ಲಿ ಎಪಿಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದು, ನಿವೃತ್ತಿಯ ನಂತರ ಊರಿಗೆ ಮರಳಿದವರು. ಇನ್ನೊಬ್ಬರು ಇಲ್ಲಿಯೇ ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ ಯುವತಿ. ಪೈಥಾನ್ ಚೆನ್ನಾಗಿ ಬಲ್ಲವರು, ಎಪಿಎಲ್ ಇಲ್ಲಿಗೆ ಬಂದ ಮೇಲೆ ಕಲಿತವರು. ಸಂಸ್ಥೆ ಆ ಭಾಷೆಯ ಒಂದು ರೂಪವಾದ ಡೈಲಾಗ್ ಎಪಿಎಲ್ ಅನ್ನು ವಾಣಿಜ್ಯ ಪರವಾನಗಿ ಪಡೆದು ಬಳಸುತ್ತಿತ್ತು. ಅದಕ್ಕೆ ಕಾರಣ ಹಿರಿಯರ ಕೈಗೆ ಆ ಭಾಷೆ ಒಗ್ಗಿತ್ತು ಎನ್ನುವುದಷ್ಟೇ. ಇಂಥ ಆಯ್ಕೆಗಳು ಹೆಚ್ಚಾಗಿ ಹಾಗೆಯೇ ಆಗುತ್ತವೆ, ಅದರಲ್ಲಿ ತಪ್ಪೂ ಇಲ್ಲ.

ಎಪಿಎಲ್‌ನ ಹಿಂದಿನ ಕತೆಯನ್ನು ಸ್ವಲ್ಪ ಹೇಳದೆ ಮುಂದಿನ ವಾದ ಅರ್ಥವಾಗುವುದಿಲ್ಲ. ಕೆನೆತ್ ಐವರ್ಸನ್ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದಾಗ ರೂಪಿಸಿದ ಗಣಿತ ಸಂಕೇತ ಪದ್ಧತಿ 1962ರಲ್ಲಿ ಪುಸ್ತಕವಾಗಿ ಬಂತು. ಐಬಿಎಂನ ಯಂತ್ರಗಳ ಮೇಲೆ 1966ರ ಹೊತ್ತಿಗೆ ಓಡುವ ಭಾಷೆಯಾಯಿತು. ಆ ಭಾಷೆಯಲ್ಲಿ ಷರತ್ತು ನೋಡಿ ಕವಲೊಡೆಯುವ ಇಫ್ ಇರಲಿಲ್ಲ, ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಲೂಪಿಗೆ ಬೇಕಾದ ಫಾರ್ ಇರಲಿಲ್ಲ. ಇದ್ದದ್ದು ಒಂದು ಬಾಣ, →, ಇಂಥ ಸಾಲಿಗೆ ಜಿಗಿ ಎಂದು ಹೇಳಲು. ಷರತ್ತಿನ ಜಿಗಿತ ಬೇಕಾದರೆ ಸೊನ್ನೆ ಅಥವಾ ಒಂದನ್ನು ಮುಂದಿಟ್ಟು ಸಾಲಿನ ಸಂಖ್ಯೆಯನ್ನು ಆಯ್ದುಕೊಳ್ಳಬೇಕಿತ್ತು; ಸೊನ್ನೆಯಾದರೆ ಉಳಿಯುವುದು ಖಾಲಿ ಸರಣಿ, ಅಂದರೆ ಒಂದೂ ಸಂಖ್ಯೆಯಿಲ್ಲದ ಪಟ್ಟಿ; ಖಾಲಿ ಸರಣಿಗೆ ಜಿಗಿ ಎಂದರೆ ಎಲ್ಲಿಗೂ ಜಿಗಿಯದೆ ಮುಂದಿನ ಸಾಲಿಗೆ ಹೋಗು ಎಂದರ್ಥ. ಷರತ್ತು ಕೂಡ ದತ್ತಾಂಶದ ಮೇಲಿನ ಒಂದು ಕ್ರಿಯೆಯೇ ಎಂಬ ಧೋರಣೆ ಆ ಬಾಣದಲ್ಲೇ ಇದೆ. ಇಫ್, ಫಾರ್, ವೈಲ್ ಮುಂತಾದ ನಿಯಂತ್ರಣ ರಚನೆಗಳು ಡೈಲಾಗ್‌ಗೆ ಬಂದದ್ದು 1990ರ ದಶಕದಲ್ಲಿ. ಐವರ್ಸನ್ ಮತ್ತು ರೋಜರ್ ಹುಯಿ 1990ರಲ್ಲಿ ಹೊರತಂದ ಜೆ ಭಾಷೆಯಲ್ಲೂ ಅವು ಸೇರಿಕೊಂಡವು. ಹೀಗಾಗಿ ಈ ಕುಟುಂಬದ ಭಾಷೆಗಳಲ್ಲಿ ಲೂಪ್ ಬರೆಯಲು ಯಾವ ಅಡ್ಡಿಯೂ ಇಲ್ಲ. ಹಳಬರಿಗೆ ಮಾತ್ರ ಅದರ ಬಗ್ಗೆ ಸ್ವಲ್ಪ ತಾತ್ಸಾರವಿದೆ. ನಮ್ಮ ಹಿರಿಯರಿಗೂ ಇತ್ತು.

ಸಮಸ್ಯೆ

ಸಂಸ್ಥೆಯ ಮೊದಲ ಪ್ರೋಗ್ರಾಮನ್ನು ಅವರಿಬ್ಬರೂ ಬರೆದಿರಲಿಲ್ಲ. ಈ ಹಿಂದೆ ಇದ್ದ ಯಾರೋ ಒಬ್ಬರು ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದಲ್ಲಿದ್ದ ತರ್ಕವನ್ನು ಸಾಲು ಸಾಲಾಗಿ ಎಪಿಎಲ್‌ಗೆ ಇಳಿಸಿದ್ದರು. ಕಾಟಾದ ಮೇಲೆ ತೂಗಿದ ಕಬ್ಬಿನ ಪ್ರತಿ ಚೀಟಿಗೂ ಲೂಪಿನ ಒಂದು ಸುತ್ತು. ಆ ಸುತ್ತಿನೊಳಗೆ ಚೀಟಿ ರದ್ದಾಗಿದೆಯೇ, ಸಾಗಾಣಿಕೆ ಕಾರ್ಖಾನೆಯದೋ ರೈತನದೋ, ಇಳುವರಿ ಯಾವ ಮಿತಿಯೊಳಗಿದೆ, ಮುಂಗಡ ಬಾಕಿ ಇದೆಯೇ ಎಂಬ ಇಫ್‌ಗಳ ಸಾಲು. ಬಡ್ಡಿಯ ಲೆಕ್ಕಕ್ಕೆ ಅದರೊಳಗೆ ಮತ್ತೊಂದು ಲೂಪ್, ವೈಲ್.

ಹಂಗಾಮೊಂದರಲ್ಲಿ ಚೀಟಿಗಳ ಸಂಖ್ಯೆ ಲಕ್ಷಗಳಲ್ಲಿ ಇರುತ್ತದೆ. ಪ್ರೋಗ್ರಾಮನ್ನು ಓದುತ್ತಲೇ ಓಡಿಸುವ ಎಪಿಎಲ್ ಇಂಟರ್‌ಪ್ರಿಟರ್ ಒಂದು ಗುಣಾಕಾರ ಮಾಡುವಾಗ ಚಿಹ್ನೆಯನ್ನು ಗುರುತಿಸಬೇಕು, ಎರಡೂ ಬದಿಯ ಸರಣಿಗಳ ಬಗೆ ಮತ್ತು ಆಕಾರ ನೋಡಬೇಕು, ಉತ್ತರಕ್ಕೆ ಜಾಗ ಮಾಡಬೇಕು. ಈ ಪೂರ್ವಸಿದ್ಧತೆಯ ಖರ್ಚು ಒಂದು ಸಂಖ್ಯೆಗೂ ಅಷ್ಟೇ, ಒಂದು ಲಕ್ಷ ಸಂಖ್ಯೆಗಳಿಗೂ ಹೆಚ್ಚುಕಡಿಮೆ ಅಷ್ಟೇ. ಚೀಟಿಗೊಂದು ಸುತ್ತಿನ ಲೂಪಿನಲ್ಲಿ ಆ ಖರ್ಚನ್ನು ಚೀಟಿಗೊಮ್ಮೆ, ಪ್ರತಿ ಇಫ್‌ಗೊಮ್ಮೆ ತೆರಬೇಕಾಗುತ್ತದೆ. ಸಂಜೆ ಓಡಿಸಲು ಬಿಟ್ಟು ಹೋದ ಲೆಕ್ಕ ಬೆಳಿಗ್ಗೆ ಬಂದಾಗಲೂ ಮುಗಿದಿರುತ್ತಿರಲಿಲ್ಲ. ನಿಧಾನವೊಂದೇ ಆಗಿದ್ದರೆ ಸಹಿಸಬಹುದಿತ್ತು. ಕಾರ್ಖಾನೆಯ ಲೆಕ್ಕಪತ್ರ ವಿಭಾಗದವರು, ಈ ರೈತನ ಬಡ್ಡಿ ಇಷ್ಟು ಹೇಗೆ ಬಂತು ಎಂದು ಕೇಳಿದಾಗ ಯಾರಿಗೂ ಉತ್ತರ ಹೇಳಲು ಆಗುತ್ತಿರಲಿಲ್ಲ, ಏಕೆಂದರೆ ಉತ್ತರವು ಇಫ್‌ಗಳ ಒಳಗೆ ಹೆಜ್ಜೆ ಹೆಜ್ಜೆಯಾಗಿ ಬದಲಾಗುವ ನಾಲ್ಕೈದು ವೇರಿಯೇಬಲ್‌ಗಳಲ್ಲಿ ಹರಡಿಕೊಂಡಿತ್ತು. ನನ್ನ ಮಟ್ಟಿಗೆ ಈ ಎರಡನೆಯದೇ ನಿಜವಾದ ಸಮಸ್ಯೆ.

ಹಿರಿಯರ ತೀರ್ಮಾನ ನೇರವಾಗಿತ್ತು: ಲೂಪ್‌ಗಳೆಲ್ಲವನ್ನೂ ತೆಗೆದುಹಾಕುವುದು. ಯುವತಿಗೆ ಆ ಕೆಲಸ ವಹಿಸಿದರು.

ದರದ ಇಫ್

ಮೊದಲು ಕೈಗೆತ್ತಿಕೊಂಡದ್ದು ಎಫ್‌ಆರ್‌ಪಿ, ಅಂದರೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ನಿಗದಿ ಮಾಡುವ ಕಬ್ಬಿನ ನ್ಯಾಯಯುತ ಮತ್ತು ಲಾಭದಾಯಕ ದರ. 2024-25ರ ಹಂಗಾಮಿಗೆ ಸಕ್ಕರೆ ಇಳುವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪಾಲು, ಶೇ 10.25 ಇದ್ದರೆ ಕ್ವಿಂಟಲ್‌ಗೆ 340 ರೂಪಾಯಿ. ಇಳುವರಿ ಶೇ 0.1ರಷ್ಟು ಹೆಚ್ಚಿದರೆ 3.32 ರೂಪಾಯಿ ಹೆಚ್ಚು, ಅಷ್ಟೇ ಕಡಿಮೆಯಾದರೆ ಅಷ್ಟೇ ಕಡಿತ; ಆದರೆ ಇಳುವರಿ ಶೇ 9.5 ಅಥವಾ ಅದಕ್ಕಿಂತ ಕಡಿಮೆಯಾದರೆ ದರ 315.10ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಹಳೆಯ ಪ್ರೋಗ್ರಾಮಿನಲ್ಲಿ ಇದಕ್ಕೆ ಮೂರು ಕವಲುಗಳಿದ್ದವು, ಮೂರರಲ್ಲೂ ಬೇರೆ ಬೇರೆ ಸೂತ್ರ, ಮೇಲೆ ಪ್ರತಿ ಹಂಗಾಮಿಗೂ ಮತ್ತೊಂದು ಪ್ರತಿ.

ಯುವತಿ ಮೊದಲು ಮಾಡಿದ್ದು ಎಪಿಎಲ್ ಕಲಿಯುವವರೆಲ್ಲ ಮಾಡುವ ಕೆಲಸವನ್ನೇ. ಪ್ರತಿ ಕವಲಿನ ಸೂತ್ರವನ್ನೂ ಇಡೀ ಸರಣಿಗೆ ಲೆಕ್ಕ ಹಾಕಿ, ಆಯಾ ಷರತ್ತಿನ ಸೊನ್ನೆ ಒಂದುಗಳಿಂದ ಗುಣಿಸಿ, ಮೂರನ್ನೂ ಕೂಡಿಸಿದರು. ಉತ್ತರ ಸರಿ ಬಂತು, ಲೂಪ್ ಹೋಯಿತು. ಹಿರಿಯರು ಅದನ್ನು ನೋಡಿ ಒಪ್ಪಲಿಲ್ಲ. ಇಫ್ ಎಲ್ಲಿಗೂ ಹೋಗಿಲ್ಲ, ವೇಷ ಬದಲಿಸಿದೆ ಅಷ್ಟೇ ಎಂಬುದು ಅವರ ಆಕ್ಷೇಪ. ಸರ್ಕಾರದ ಆದೇಶವನ್ನು ಮತ್ತೊಮ್ಮೆ ಓದಿಸಿದರು. 10.25ರಿಂದ 9.5ಕ್ಕೆ ಇರುವ ಅಂತರ 0.75, ಅಂದರೆ 0.1ರ ಏಳೂವರೆ ಹೆಜ್ಜೆಗಳು, ಏಳೂವರೆಯನ್ನು 3.32ರಿಂದ ಗುಣಿಸಿದರೆ 24.90, 340ರಲ್ಲಿ ಅದನ್ನು ಕಳೆದರೆ ಸರಿಯಾಗಿ 315.10. ಕನಿಷ್ಠ ದರ ಎಂದು ಪ್ರತ್ಯೇಕವಾಗಿ ಬರೆದಿರುವ ಸಂಖ್ಯೆ ಬೇರೆ ನಿಯಮವೇ ಅಲ್ಲ, ಇಳುವರಿಯನ್ನು 9.5ಕ್ಕಿಂತ ಕಡಿಮೆ ಎಂದು ಎಣಿಸಬೇಡ ಎಂಬ ಒಂದೇ ಮಾತು. ಎರಡರಲ್ಲಿ ದೊಡ್ಡದನ್ನು ಕೊಡುವ ⌈ ಚಿಹ್ನೆಯಿಂದ ಇಡೀ ನಿಯಮ ಒಂದು ಸಾಲಾಗುತ್ತದೆ:

340 + 3.32 × 10 × ((9.5 ⌈ ಇಳುವರಿ) − 10.25)

2023-24ಕ್ಕೆ 315 ಮತ್ತು 3.07 ಹಾಕಿದರೆ ಕನಿಷ್ಠ ದರ 291.975, 2025-26ಕ್ಕೆ 355 ಮತ್ತು 3.46 ಹಾಕಿದರೆ 329.05. ಎರಡೂ ಆಯಾ ವರ್ಷದ ಆದೇಶದಲ್ಲಿರುವ ಸಂಖ್ಯೆಗಳೇ. ಮೂಲ ದರ ಮತ್ತು ಹೆಚ್ಚಳಗಳನ್ನು ಎರಡು ಸರಣಿಗಳಾಗಿ ಇಟ್ಟುಕೊಂಡರೆ ಹಂಗಾಮಿನ ಇಫ್ ಕೂಡ ಬೇಕಾಗುವುದಿಲ್ಲ. ಆದೇಶವನ್ನು ಬರೆದವರು ಮೂರು ವಾಕ್ಯಗಳಲ್ಲಿ ಹೇಳಿದ್ದನ್ನು ಹಳೆಯ ಪ್ರೋಗ್ರಾಮರ್ ಮೂರು ಕವಲುಗಳೆಂದು ಭಾವಿಸಿದ್ದರು. ಲೂಪನ್ನು ಬಿಡುವ ಪ್ರಯತ್ನದಿಂದ ಲಾಭವಾದದ್ದು ವೇಗದಲ್ಲಿ ಅಲ್ಲ, ನಿಯಮದ ನಿಜವಾದ ಆಕಾರ ಕಂಡದ್ದರಲ್ಲಿ. ಸೊನ್ನೆ ಒಂದುಗಳ ಗುಣಾಕಾರದಲ್ಲೇ ನಿಂತಿದ್ದರೆ ಅದು ಕಾಣುತ್ತಿರಲಿಲ್ಲ.

ಒಂದು ರೂಪಾಯಿಯ ದರ

ಮುಂದಿನ ಹಂತದಲ್ಲಿ ಪೆಟ್ಟು ಬಿತ್ತು. ಕಟಾವಿನ ಟೋಳಿಗಳ, ಅಂದರೆ ಕಬ್ಬು ಕಡಿಯುವ ತಂಡಗಳ, ದರವನ್ನು ಪರಿಶೀಲಿಸಲು, ಪ್ರತಿ ಚೀಟಿಯ ಕಟಾವು ಮೊತ್ತವನ್ನು ಟನ್‌ಗಳಿಂದ ಭಾಗಿಸಿ, ಟೋಳಿವಾರು ಅತಿ ಹೆಚ್ಚು ಮತ್ತು ಅತಿ ಕಡಿಮೆ ದರ ತೋರಿಸಬೇಕಿತ್ತು. ಹೊಸ ಪ್ರೋಗ್ರಾಮಿನಲ್ಲಿ ಅದು ಇಡೀ ಸರಣಿಯನ್ನು ಇಡೀ ಸರಣಿಯಿಂದ ಭಾಗಿಸುವ ಒಂದೇ ಕ್ರಿಯೆ. ವರದಿ ಬಂದಾಗ ಬಹುಪಾಲು ಟೋಳಿಗಳ ಅತಿ ಕಡಿಮೆ ದರ ಟನ್‌ಗೆ ಒಂದು ರೂಪಾಯಿ ಎಂದಿತ್ತು. ಯಾವ ಟೋಳಿಯೂ ಒಂದು ರೂಪಾಯಿಗೆ ಕಬ್ಬು ಕಡಿಯುವುದಿಲ್ಲ.

ಕಾರಣ ರದ್ದಾದ ಚೀಟಿಗಳು. ಅವುಗಳಲ್ಲಿ ಮೊತ್ತವೂ ಸೊನ್ನೆ, ತೂಕವೂ ಸೊನ್ನೆ. ಎಪಿಎಲ್‌ನಲ್ಲಿ ಯಾವುದೇ ಬೇರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಡೊಮೇನ್ ಎರರ್ ಬಂದು ಪ್ರೋಗ್ರಾಮ್ ನಿಲ್ಲುತ್ತದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಮಾತ್ರ, ಭಾಷೆಯ ಆರಂಭದಿಂದ ಬಂದ ರೂಢಿಯಂತೆ, ಉತ್ತರ ಒಂದು. ಹಳೆಯ ಲೂಪಿನಲ್ಲಿ ತೂಕ ಸೊನ್ನೆಯಾದರೆ ಮುಂದಿನ ಚೀಟಿಗೆ ಹೋಗು ಎಂಬ ಒಂದು ಸಾಲಿತ್ತು. ಹೊಸದರಲ್ಲಿ ಅದು ಬಿಟ್ಟುಹೋಗಿತ್ತು, ಆದರೆ ಯಾವ ದೋಷವೂ ಬರದಿದ್ದ ಕಾರಣ ಅದು ಯಾರ ಗಮನಕ್ಕೂ ಬರಲಿಲ್ಲ. ರೈತರ ಮೊತ್ತಗಳಲ್ಲಿ ವ್ಯತ್ಯಾಸವೂ ಆಗಿರಲಿಲ್ಲ, ಏಕೆಂದರೆ ಆ ಒಂದು ರೂಪಾಯಿಯನ್ನು ಮತ್ತೆ ಸೊನ್ನೆ ಟನ್‌ಗಳಿಂದಲೇ ಗುಣಿಸಲಾಗುತ್ತಿತ್ತು.

ಇಲ್ಲಿ ಎರಡು ದಾರಿಗಳಿದ್ದವು. ಡೈಲಾಗ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಸೊನ್ನೆಯಿಂದ ಮಾಡುವ ಭಾಗಾಕಾರಕ್ಕೆಲ್ಲ ಉತ್ತರ ಸೊನ್ನೆ ಎಂದಾಗುತ್ತದೆ. ಯುವತಿ ಅದನ್ನೇ ಮಾಡಲು ಹೊರಟಿದ್ದರು, ಒಂದೇ ಸಾಲಿನ ಬದಲಾವಣೆ. ಹಿರಿಯರು ತಡೆದರು. ಮೊತ್ತವಿದ್ದು ತೂಕವಿಲ್ಲದ ಚೀಟಿಯೂ ಇರಬಹುದು. ಅಂಥದ್ದು ಸಿಕ್ಕರೆ ಪ್ರೋಗ್ರಾಮ್ ಗದ್ದಲ ಮಾಡಿ ನಿಲ್ಲಬೇಕು, ಏಕೆಂದರೆ ಪರಿಶೀಲನೆಗೆ ಬೇಕಾಗಿರುವುದೇ ಆ ಚೀಟಿ. ಸೆಟ್ಟಿಂಗ್ ಬದಲಿಸಿದರೆ ಅದೂ ಸದ್ದಿಲ್ಲದೆ ಸೊನ್ನೆಯಾಗಿಬಿಡುತ್ತದೆ. ಕೊನೆಗೆ, ರದ್ದಾದ ಚೀಟಿಗಳನ್ನು ಮೊದಲೇ ಸರಣಿಯಿಂದ ಸೋಸಿ ತೆಗೆದು, ಉಳಿದವುಗಳ ಮೇಲೆ ಮಾತ್ರ ಭಾಗಾಕಾರ ಮಾಡುವುದೆಂದು ನಿಶ್ಚಯಿಸಿದರು. ಸೋಸುವುದಕ್ಕೂ ಗುಣಿಸುವುದಕ್ಕೂ ಇರುವ ಭೇದ ಇದು: ಗುಣಿಸಿದಾಗ ಎರಡೂ ಕವಲುಗಳ ಲೆಕ್ಕ ನಡೆದೇ ತೀರುತ್ತದೆ, ಬೇಡದ್ದು ಆಮೇಲೆ ಅಳಿಯುತ್ತದೆ, ಸೋಸಿದಾಗ ಬೇಡದ ಕವಲಿನ ಲೆಕ್ಕ ನಡೆಯುವುದೇ ಇಲ್ಲ. ಇಫ್ ಎಂಬ ರಚನೆಯ ಅರ್ಧ ಉಪಯೋಗ ಆಯ್ಕೆಯಾದರೆ ಉಳಿದರ್ಧ ರಕ್ಷಣೆ. ಅದನ್ನು ತೆಗೆಯುವವರು ಈ ಎರಡರಲ್ಲಿ ಯಾವುದಕ್ಕಾಗಿ ಅದು ಅಲ್ಲಿತ್ತು ಎಂದು ಮೊದಲು ಕೇಳಿಕೊಳ್ಳಬೇಕು.

ಬಡ್ಡಿ: ಲೂಪ್ ಹೋಗಿ ಮರಳಿ ಬಂದ ಕತೆ

ಪ್ರಕರಣದ ಮುಖ್ಯ ಭಾಗ ಬಡ್ಡಿಯದು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕು. ತಡವಾದರೆ ಆ ಅವಧಿಗೆ ವರ್ಷಕ್ಕೆ ಶೇ 15ರ ಬಡ್ಡಿ ಕೊಡಬೇಕು. ಕಾರ್ಖಾನೆ ಹಣ ಕೊಟ್ಟದ್ದು ಕಂತುಗಳಲ್ಲಿ, ಕಂತಿನ ಮೊತ್ತ ಯಾವ ಚೀಟಿಗೂ ಸರಿಹೊಂದುತ್ತಿರಲಿಲ್ಲ. ಮೊದಲು ಬಂದ ಚೀಟಿಗೆ ಮೊದಲು ಹಣ ಸಂದಾಯ ಎಂಬ ಕ್ರಮದಲ್ಲಿ ಯಾವ ಕಂತಿನಿಂದ ಯಾವ ಚೀಟಿಗೆ ಎಷ್ಟು ಸಂದಿತು ಎಂದು ಕಂಡುಹಿಡಿಯಬೇಕು. ಇದು ಸ್ವಭಾವತಃ ಲೂಪಿನ ಕೆಲಸದಂತೆ ಕಾಣುತ್ತದೆ: ಕಂತಿನಿಂದ ತೆಗೆ, ಚೀಟಿಗೆ ಹಾಕು, ಚೀಟಿ ತೀರಿದರೆ ಮುಂದಿನದಕ್ಕೆ ಹೋಗು, ಕಂತು ತೀರಿದರೆ ಇನ್ನೊಂದನ್ನು ತೆರೆ.

ಇದಕ್ಕೆ ಯುವತಿ ಕಂಡುಕೊಂಡ ಉತ್ತರ ಅಚ್ಚುಕಟ್ಟಾದದ್ದು, ಅದನ್ನು ಪೂರ್ತಿ ಬರೆಯುವುದು ಯೋಗ್ಯ. ಒಬ್ಬ ರೈತನ ಮೂರು ಚೀಟಿಗಳು 40,000, 60,000 ಮತ್ತು 50,000 ರೂಪಾಯಿಯವು ಎನ್ನೋಣ. ಕಂತುಗಳು 70,000 ಮತ್ತು 80,000. ಚೀಟಿಗಳನ್ನು ಕೂಡುತ್ತ ಹೋದರೆ ಅವು ಒಂದು ಗೆರೆಯ ಮೇಲೆ 0ಯಿಂದ 40,000, ಅಲ್ಲಿಂದ 1,00,000, ಅಲ್ಲಿಂದ 1,50,000ದವರೆಗಿನ ತುಂಡುಗಳಾಗುತ್ತವೆ. ಕಂತುಗಳು ಅದೇ ಗೆರೆಯ ಮೇಲೆ 0ಯಿಂದ 70,000, ಅಲ್ಲಿಂದ 1,50,000ದವರೆಗಿನ ತುಂಡುಗಳು. ಒಂದು ಚೀಟಿಗೆ ಒಂದು ಕಂತಿನಿಂದ ಸಂದದ್ದು ಎಂದರೆ ಆ ಎರಡು ತುಂಡುಗಳು ಒಂದರ ಮೇಲೊಂದು ಬೀಳುವ ಉದ್ದ: ಎರಡು ಕೊನೆಗಳಲ್ಲಿ ಚಿಕ್ಕದರಿಂದ ಎರಡು ಆರಂಭಗಳಲ್ಲಿ ದೊಡ್ಡದನ್ನು ಕಳೆಯುವುದು, ಋಣವಾದರೆ ಸೊನ್ನೆ. ಎಪಿಎಲ್‌ನಲ್ಲಿ ಎಲ್ಲ ಚೀಟಿಗಳನ್ನು ಎಲ್ಲ ಕಂತುಗಳೊಡನೆ ಒಂದೇ ಕ್ರಿಯೆಯಲ್ಲಿ ಹೋಲಿಸಿ ಕೋಷ್ಟಕ ಮಾಡುವ ಔಟರ್ ಪ್ರಾಡಕ್ಟ್ ಇದೆ. ಉತ್ತರದಲ್ಲಿ ಮೊದಲ ಚೀಟಿಯ ಸಾಲು 40,000 ಮತ್ತು 0. ಎರಡನೆಯದು 30,000 ಮತ್ತು 30,000. ಮೂರನೆಯದು 0 ಮತ್ತು 50,000. ಅದೇ ಆಕಾರದ ಇನ್ನೊಂದು ಕೋಷ್ಟಕದಲ್ಲಿ ಕಂತಿನ ದಿನಾಂಕದಿಂದ ಚೀಟಿಯ ದಿನಾಂಕವನ್ನೂ 14 ದಿನಗಳನ್ನೂ ಕಳೆದು, ಸೊನ್ನೆಗಿಂತ ಕಡಿಮೆಯಾದರೆ ಸೊನ್ನೆ ಎಂದಿಟ್ಟರೆ ವಿಳಂಬದ ದಿನಗಳು ಸಿಗುತ್ತವೆ. ಎರಡನ್ನೂ ಗುಣಿಸಿ ಕೂಡಿದರೆ ಬಡ್ಡಿಗೆ ಬೇಕಾದ ಮೊತ್ತ ಮತ್ತು ದಿನಗಳ ಗುಣಲಬ್ಧ ಬರುತ್ತದೆ. ಇನ್ನೂ ಸಂದಾಯವಾಗದ ಬಾಕಿಗೆ, ಪರಿಶೀಲನೆಯ ದಿನದಂದು ಉಳಿದದ್ದೆಲ್ಲ ಸಂದಿತು ಎಂಬ ಒಂದು ಕಾಲ್ಪನಿಕ ಕಂತನ್ನು ಕೊನೆಗೆ ಸೇರಿಸಿದರು. ಇದರಿಂದ ಮತ್ತೊಂದು ಇಫ್ ಬೇಕಾಗಲಿಲ್ಲ.

ಒಬ್ಬ ರೈತನಿಗೆ ಇದು ಸರಿಯಾಗಿ ಓಡಿತು. ಲೂಪೇ ಇರಬಾರದೆಂಬ ಹುಮ್ಮಸ್ಸಿನಲ್ಲಿ ಎಲ್ಲ ರೈತರ ಚೀಟಿಗಳನ್ನೂ ಒಂದೇ ಉದ್ದನೆಯ ಗೆರೆಯ ಮೇಲೆ ಸಾಲಾಗಿಟ್ಟು ಒಂದೇ ಕೋಷ್ಟಕ ಮಾಡಲು ಹೋದಾಗ ಡಬ್ಲ್ಯೂಎಸ್ ಫುಲ್, ಅಂದರೆ ಸ್ಮರಣೆಯಲ್ಲಿ ಜಾಗವಿಲ್ಲ ಎಂಬ ದೋಷ ಬಂತು. ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಿಲ್ಲ. ಎರಡು ಲಕ್ಷ ಚೀಟಿಗಳು, ಒಂದು ಲಕ್ಷ ಕಂತುಗಳು ಎಂದಿಟ್ಟುಕೊಂಡರೂ ಕೋಷ್ಟಕದಲ್ಲಿ ಎರಡು ಸಾವಿರ ಕೋಟಿ ಮನೆಗಳು. ಮನೆಗೆ 8 ಬೈಟ್‌ನಂತೆ 160 ಜಿಬಿ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸೊನ್ನೆ, ಏಕೆಂದರೆ ಒಬ್ಬ ರೈತನ ಚೀಟಿಗೆ ಇನ್ನೊಬ್ಬನ ಕಂತು ಎಂದೂ ತಾಗುವುದಿಲ್ಲ.

ಆಗ ಬಂದ ಪ್ರಸ್ತಾವ, ರೈತವಾರು ಗುಂಪು ಮಾಡಿ ಪ್ರತಿ ಗುಂಪಿನ ಮೇಲೂ ಅದೇ ಫಂಕ್ಷನ್ ಓಡಿಸುವುದು. ಇದಕ್ಕೆ ಎಪಿಎಲ್‌ನಲ್ಲಿ ಈಚ್ ಎಂಬ ಆಪರೇಟರ್ ಇದೆ. ಇಲ್ಲಿ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ. “ಸರ್, ಈಚ್ ಅಂದ್ರೂ ಒಳಗ ಅದು ಲೂಪೇ ಅಲ್ಲೇನ್ರಿ?” ಎಂದು ಯುವತಿ ಕೇಳಿದರು. “ಹೌದವಾ, ಆದ್ರ ಅದರಾಗ ನೀ ಎಣಿಕಿ ಇಡೂದಿಲ್ಲ, ತಪ್ಪೂದೂ ಇಲ್ಲ” ಎಂದರು ಹಿರಿಯರು. ಇಬ್ಬರ ಮಾತೂ ಸರಿ. ಈಚ್ ಬಳಸಿದರೆ ಇಂಟರ್‌ಪ್ರಿಟರ್ ಒಂದೊಂದು ಗುಂಪಿಗೂ ಫಂಕ್ಷನ್ನನ್ನು ಕರೆಯುತ್ತದೆ, ಕರೆಯುವ ಖರ್ಚು ಇದ್ದೇ ಇದೆ. ಆದರೆ ಆ ಖರ್ಚು ಈಗ ರೈತನಿಗೊಮ್ಮೆ, ಚೀಟಿಗೊಮ್ಮೆ ಅಲ್ಲ. ಜೊತೆಗೆ, ಒಂದು ಗುಂಪಿನ ಉತ್ತರ ಇನ್ನೊಂದರ ಮೇಲೆ ಅವಲಂಬಿತವಲ್ಲ ಎಂಬ ಹೇಳಿಕೆಯೂ ಈಚ್‌ನಲ್ಲಿ ಅಡಗಿದೆ. ಫಾರ್ ಲೂಪನ್ನು ಓದುವವರಿಗೆ ಆ ಭರವಸೆ ಇರುವುದಿಲ್ಲ, ಒಳಗಿನ ಪ್ರತಿ ಸಾಲನ್ನೂ ನೋಡಬೇಕಾಗುತ್ತದೆ.

ಇಷ್ಟಾದರೂ ಕೊನೆಗೆ ಅವರು ಆರಿಸಿದ್ದು ಫಾರ್ ಲೂಪನ್ನೇ. ಕಾರಣ ದತ್ತಾಂಶದ ಗುಣ. ಕೆಲವು ರೈತರ ದಾಖಲೆಗಳಲ್ಲಿ ದಿನಾಂಕ ಖಾಲಿ ಇತ್ತು, ಕೆಲವರ ಕಂತು ಎರಡು ಸಲ ನಮೂದಾಗಿತ್ತು. ಈಚ್‌ನ ನಡುವೆ ಒಬ್ಬರ ದಾಖಲೆ ಕೆಟ್ಟಿದ್ದರೆ ಉಳಿದವರೆಲ್ಲರ ಲೆಕ್ಕವೂ ಅಲ್ಲಿಗೇ ನಿಲ್ಲುತ್ತಿತ್ತು. ಫಂಕ್ಷನ್ನಿನೊಳಗೇ ದೋಷ ಹಿಡಿಯುವ ಉಪಾಯವಿದೆ, ಅದನ್ನೂ ಪ್ರಯತ್ನಿಸಿದರು. ಆದರೆ ಎಲ್ಲಿಯವರೆಗೆ ಮುಗಿಯಿತು ಎಂದು ಬರೆದಿಡುವುದು, ವಿದ್ಯುತ್ ಹೋಗಿ ಬಂದರೆ ಅಲ್ಲಿಂದ ಮುಂದುವರಿಸುವುದು, ಕೆಟ್ಟ ದಾಖಲೆಯ ರೈತ ಸಂಖ್ಯೆಯನ್ನು ಬೇರೆ ಕಡತಕ್ಕೆ ಹಾಕುವುದು, ಇವೆಲ್ಲ ಹೊರಜಗತ್ತಿನಲ್ಲಿ ಒಂದಾದ ಮೇಲೊಂದು ನಡೆಯುವ ಘಟನೆಗಳು. ಅವುಗಳಿಗೆ ಕ್ರಮ ಮುಖ್ಯ, ಕ್ರಮವನ್ನು ನೇರವಾಗಿ ಹೇಳುವ ರಚನೆ ಲೂಪ್. ಹೀಗೆ ಹೊರಗೆ ರೈತನಿಗೊಂದು ಸುತ್ತಿನ ಫಾರ್ ಮತ್ತು ದೋಷ ಹಿಡಿಯುವ ಟ್ರ್ಯಾಪ್, ಒಳಗೆ ಒಂದೂ ಇಫ್ ಇಲ್ಲದ ಕೋಷ್ಟಕದ ಲೆಕ್ಕ ಎಂಬ ರೂಪ ನಿಂತಿತು. ಹಿರಿಯರು ಇದನ್ನು ಸುಲಭವಾಗಿ ಒಪ್ಪಲಿಲ್ಲ ಎಂಬುದನ್ನೂ ಹೇಳಬೇಕು.

ಮುಂಗಡದ ಬಾಕಿ

ಕಟಾವಿನ ಟೋಳಿಗಳಿಗೆ ಹಂಗಾಮಿಗೆ ಮೊದಲೇ ಮುಂಗಡ ಕೊಡುವುದು ಈ ಭಾಗದ ರೂಢಿ. ಅದನ್ನು ಪಾಕ್ಷಿಕ ಬಿಲ್ಲುಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕಡಿತ ಮಾಡಿಕೊಳ್ಳುತ್ತಾರೆ. ಪ್ರತಿ ಬಿಲ್ಲಿನ ಕಾಲು ಭಾಗ, ಬಾಕಿ ತೀರುವವರೆಗೆ, ಎಂಬ ಸರಳ ನಿಯಮವಾದರೆ ಲೂಪ್ ಬೇಕಿಲ್ಲ: ಕಾಲು ಭಾಗಗಳನ್ನು ಕೂಡುತ್ತ ಹೋಗಿ, ಮುಂಗಡಕ್ಕಿಂತ ಮೇಲೆ ಹೋಗದಂತೆ, ಎರಡರಲ್ಲಿ ಚಿಕ್ಕದನ್ನು ಕೊಡುವ ⌊ ಚಿಹ್ನೆಯಿಂದ ತಡೆದು, ಒಂದಕ್ಕೊಂದರ ವ್ಯತ್ಯಾಸ ತೆಗೆದರೆ ಪ್ರತಿ ಬಿಲ್ಲಿನ ಕಡಿತ ಸಿಗುತ್ತದೆ. ನಡುವೆ ಹೊಸ ಮುಂಗಡ ಕೊಟ್ಟರೂ, ಬಾಕಿ ಸೊನ್ನೆಗಿಂತ ಕೆಳಗೆ ಹೋಗಬಾರದು ಎಂಬುದೊಂದೇ ನಿಯಮವಾದರೆ, ಕೂಡುತ್ತ ಬಂದ ಮೊತ್ತದಿಂದ ಅದು ಈವರೆಗೆ ಸೊನ್ನೆಯ ಕೆಳಗೆ ಮುಟ್ಟಿದ ಅತಿ ತಗ್ಗನ್ನು ಕಳೆದರೆ ಸಾಕು. ಇದನ್ನು ಮೊದಲ ಸಲ ನೋಡಿದವರು ನಂಬುವುದಿಲ್ಲ. ಕಾಗದದ ಮೇಲೆ ನಾಲ್ಕು ಸಂಖ್ಯೆ ಬರೆದು ನೋಡಿದರೆ ಸರಿ ಎಂದು ತಿಳಿಯುತ್ತದೆ.

ನಿಜವಾದ ಕರಾರು ಇಷ್ಟು ಸರಳವಾಗಿರಲಿಲ್ಲ. ಬಾಕಿ ಒಂದು ಮಿತಿಗಿಂತ ಹೆಚ್ಚಿದ್ದರೆ ಕಡಿತದ ಪ್ರಮಾಣ ಹೆಚ್ಚು, ಕಡಿಮೆಯಾದರೆ ಕಡಿಮೆ. ಪ್ರತಿ ಕಡಿತವನ್ನೂ ಪೂರ್ಣ ರೂಪಾಯಿಗೆ ಸರಿಹೊಂದಿಸಬೇಕು. ಅಂದರೆ ಈ ಪಕ್ಷದ ಕಡಿತ ಹಿಂದಿನ ಪಕ್ಷದ ಬಾಕಿಯ ಮೇಲೆ ನಿಂತಿದೆ. ಇದಕ್ಕೆ ಒಂದು ಸಾಲಿನ ಸೂತ್ರ ಸಿಗಲಿಲ್ಲ. ಆಗ ಸ್ಕ್ಯಾನ್ ಎಂಬ ಆಪರೇಟರಿಗೆ ಸ್ವಂತ ಫಂಕ್ಷನ್ ಕೊಟ್ಟು ಪ್ರಯತ್ನಿಸಿದರು. ಕೂಡಿಸುತ್ತ ಹೋಗುವ ಕೆಲಸಕ್ಕೆ ಸ್ಕ್ಯಾನ್ ಹೇಳಿ ಮಾಡಿಸಿದಂತಿದೆ, ಆದ್ದರಿಂದ ಬಾಕಿಯನ್ನು ಮುಂದಕ್ಕೆ ಒಯ್ಯುವುದಕ್ಕೂ ಒದಗಬೇಕು ಎಂಬ ಊಹೆ. ಉತ್ತರ ತಪ್ಪು ಬಂತು. ಎಪಿಎಲ್‌ನಲ್ಲಿ ಸ್ಕ್ಯಾನ್ ಎಂದರೆ ಮೊದಲ ಒಂದು, ಮೊದಲ ಎರಡು, ಮೊದಲ ಮೂರು ಹೀಗೆ ಪ್ರತಿ ಆರಂಭದ ತುಂಡನ್ನೂ ಬಲದಿಂದ ಎಡಕ್ಕೆ ಮಡಚುವುದು, ಅಂದರೆ ಕೊನೆಯಿಂದ ಹಿಂದಕ್ಕೆ ಒಂದೊಂದನ್ನೇ ಸೇರಿಸುತ್ತ ಒಂದೇ ಉತ್ತರಕ್ಕೆ ತರುವುದು. ಕೂಡುವುದಕ್ಕೆ, ಚಿಕ್ಕದು ದೊಡ್ಡದು ಆರಿಸುವುದಕ್ಕೆ ದಿಕ್ಕು ಯಾವುದಾದರೂ ಉತ್ತರ ಒಂದೇ. ಬಾಕಿಯ ಫಂಕ್ಷನ್‌ಗೆ ಹಾಗಲ್ಲ: ಅದು ಮಾರ್ಚ್ ತಿಂಗಳ ಬಿಲ್ಲಿನಿಂದ ಹಿಂದಕ್ಕೆ ಕಡಿತ ಮಾಡುತ್ತ ಬಂದಿತ್ತು. ಮೇಲಾಗಿ ಪ್ರತಿ ತುಂಡನ್ನೂ ಮೊದಲಿನಿಂದ ಮಡಚುವ ಕಾರಣ ಕೆಲಸ ಉದ್ದದ ವರ್ಗದ ಪ್ರಮಾಣದಲ್ಲಿ ಬೆಳೆಯುತ್ತದೆ. ಇದೇ ಕುಟುಂಬದ ಕೆ ಮತ್ತು ಬಿಕ್ಯೂಎನ್ ಭಾಷೆಗಳಲ್ಲಿ ಸ್ಕ್ಯಾನ್ ಎಡದಿಂದ ಬಲಕ್ಕೆ ನಡೆಯುತ್ತದೆ. ಅಲ್ಲಿ ಕಲಿತವರು ಇಲ್ಲಿ ಎಡವುವುದು ಸುಲಭ.

ಕೊನೆಯ ಪರಿಹಾರ ಸಿಕ್ಕಿದ್ದು ಪ್ರಶ್ನೆಯನ್ನು ಬದಲಿಸಿದಾಗ. ಅಲ್ಲಿಯವರೆಗೆ ಇಬ್ಬರೂ ಒಂದು ಟೋಳಿಯನ್ನು ಕೈಗೆತ್ತಿಕೊಂಡು ಅದರ ಪಕ್ಷಗಳ ಮೇಲೆ ಲೂಪ್ ಬೇಕೋ ಬೇಡವೋ ಎಂದು ವಾದಿಸುತ್ತಿದ್ದರು. ಹಂಗಾಮಿನಲ್ಲಿ ಪಕ್ಷಗಳು ಹೆಚ್ಚೆಂದರೆ ಹತ್ತು ಹನ್ನೆರಡು, ಟೋಳಿಗಳು ನೂರಾರು. ಒಂದು ಟೋಳಿಯ ಬಾಕಿ ಇನ್ನೊಂದು ಟೋಳಿಯ ಮೇಲೆ ಅವಲಂಬಿತವಲ್ಲ, ಒಂದು ಪಕ್ಷದ ಬಾಕಿ ಮಾತ್ರ ಹಿಂದಿನ ಪಕ್ಷದ ಮೇಲೆ ಅವಲಂಬಿತ. ಹಾಗಾದರೆ ಲೂಪ್ ಪಕ್ಷಗಳ ಮೇಲೆ ಇರಲಿ, ಪ್ರತಿ ಸುತ್ತಿನಲ್ಲೂ ಎಲ್ಲ ಟೋಳಿಗಳ ಬಾಕಿ ಒಂದೇ ಸರಣಿಯಾಗಿ ಮುಂದೆ ಸಾಗಲಿ. ಪ್ರಮಾಣದ ಆಯ್ಕೆ, ರೂಪಾಯಿಗೆ ಸರಿಹೊಂದಿಸುವಿಕೆ, ಸೊನ್ನೆಯ ತಡೆ, ಎಲ್ಲವೂ ಸರಣಿಯ ಮೇಲಿನ ಸಾಮಾನ್ಯ ಕ್ರಿಯೆಗಳಾದವು. ಲೂಪ್ ಹತ್ತು ಹನ್ನೆರಡು ಸಲ ಸುತ್ತುತ್ತದೆ, ಅದರ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಲೂಪ್ ಬಳಸಬೇಕೋ ಬೇಡವೋ ಎಂಬ ಜಗಳ ಯಾವ ದಿಕ್ಕಿನಲ್ಲಿ ಎಂಬ ಪ್ರಶ್ನೆಯಾಗಿ ಬದಲಾದದ್ದು ಈ ಪ್ರಕರಣದ ನಿಜವಾದ ತಿರುವು ಎಂದು ನಾನು ತಿಳಿಯುತ್ತೇನೆ. ಬಡ್ಡಿಯ ಲೆಕ್ಕದಲ್ಲೂ ಪ್ರಶ್ನೆ ಇದೇ, ಉತ್ತರ ಮಾತ್ರ ಬೇರೆ: ಅಲ್ಲಿ ಅವಲಂಬನೆ ಇಲ್ಲದ ದಿಕ್ಕಿನಲ್ಲಿ ಲೂಪ್ ಇತ್ತು, ಅದಕ್ಕೆ ಕಾರಣ ಸ್ಮರಣೆ ಮತ್ತು ಕೆಟ್ಟ ದಾಖಲೆಗಳು. ಎರಡು ಲೂಪ್‌ಗಳಿಗೂ ಕಾರಣವನ್ನು ಒಂದೊಂದು ಸಾಲಿನ ಟಿಪ್ಪಣಿಯಾಗಿ ಪ್ರೋಗ್ರಾಮಿನಲ್ಲೇ ಬರೆಸಿದರು.

ಏನಾಯಿತು

ರಾತ್ರಿ ಕಳೆದರೂ ಮುಗಿಯದ ಲೆಕ್ಕ ಈಗ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅದಕ್ಕಿಂತ ಹೆಚ್ಚು ಉಪಯೋಗವಾದದ್ದು ಚೀಟಿ ಮತ್ತು ಕಂತುಗಳ ಕೋಷ್ಟಕ. ಹಳೆಯ ಲೂಪಿನಲ್ಲಿ ಕ್ಷಣಕಾಲ ಇದ್ದು ಅಳಿದುಹೋಗುತ್ತಿದ್ದ ನಡುವಿನ ಲೆಕ್ಕ ಈಗ ಒಂದು ವಸ್ತುವಾಗಿ ಕೈಗೆ ಸಿಗುತ್ತದೆ. ರೈತ ಕೇಳಿದರೆ ಅದನ್ನೇ ಮುದ್ರಿಸಿ ಕೊಡಬಹುದು, ಯಾವ ಚೀಟಿಗೆ ಯಾವ ಕಂತಿನಿಂದ ಎಷ್ಟು, ಎಷ್ಟು ದಿನ ತಡ ಎಂದು ಸಾಲು ಕಂಬಗಳಲ್ಲಿ ಕಾಣುತ್ತದೆ. ಕಾರ್ಖಾನೆಯ ಲೆಕ್ಕಪತ್ರ ವಿಭಾಗದವರು ಎಪಿಎಲ್ ಓದಲಾರರು, ಆದರೆ ಈ ಕೋಷ್ಟಕವನ್ನು ಓದಿ ತಮ್ಮದೇ ಒಂದೆರಡು ನಮೂದುಗಳನ್ನು ತಿದ್ದಿಕೊಂಡರು.

ನಷ್ಟದ ಕಡೆಯನ್ನೂ ಬರೆಯಬೇಕು. ಅತಿ ತಗ್ಗನ್ನು ಕಳೆಯುವ ಆ ಒಂದು ಸಾಲನ್ನು ಹೊಸದಾಗಿ ಬಂದವರು ಯಾರೂ ವಿವರಣೆಯಿಲ್ಲದೆ ಓದಲಾರರು. ಮುಂಗಡದ ಕರಾರು ಮತ್ತೆ ಬದಲಾದರೆ ಸೂತ್ರದಲ್ಲಿ ಒಂದು ಪದ ತಿದ್ದಿ ಮುಗಿಸಲಾಗದು, ಇಡೀ ಸೂತ್ರವನ್ನೇ ಹೊಸದಾಗಿ ಕಟ್ಟಬೇಕಾದೀತು. ಲೂಪಾದರೆ ಒಂದು ಇಫ್ ಸೇರಿಸಿದರೆ ಸಾಕಿತ್ತು. ಈ ಕಾರಣಕ್ಕೆ ಸರಳ ನಿಯಮದ ಟೋಳಿಗಳಿಗೂ ಪಕ್ಷಗಳ ಲೂಪನ್ನೇ ಬಳಸುವುದೆಂದು ತೀರ್ಮಾನವಾಯಿತು. ಜಾಣ ಸೂತ್ರ ಟಿಪ್ಪಣಿಯಲ್ಲಿ ಉಳಿಯಿತು, ಪ್ರೋಗ್ರಾಮಿನಲ್ಲಿ ಅಲ್ಲ. ಯುವತಿಗೆ ಇದು ಅಷ್ಟು ಇಷ್ಟವಾಗಲಿಲ್ಲ.

ಹಳೆಯ ನಿಧಾನದ ಪ್ರೋಗ್ರಾಮನ್ನು ಅಳಿಸಲಿಲ್ಲ. ಪ್ರತಿ ಸಲ ಕೆಲವು ರೈತರನ್ನು ಆಯ್ದು ಎರಡರಲ್ಲೂ ಓಡಿಸಿ ಉತ್ತರ ಹೋಲಿಸುತ್ತಾರೆ. ಈ ಹೋಲಿಕೆ ಹಿಡಿಯಲಾರದ ಒಂದು ವಿಷಯ ಆಮೇಲೆ ಎದ್ದು ಬಂತು: 2024ರ ಫೆಬ್ರವರಿಯಲ್ಲಿ 29 ದಿನಗಳಿದ್ದವು, ಎರಡೂ ಪ್ರೋಗ್ರಾಮುಗಳು ವಾರ್ಷಿಕ ಬಡ್ಡಿಯನ್ನು 365ರಿಂದಲೇ ಭಾಗಿಸುತ್ತಿದ್ದವು, ಹಾಗಾಗಿ ಎರಡರ ಉತ್ತರವೂ ಒಂದೇ ಆಗಿತ್ತು. 366ರಿಂದ ಭಾಗಿಸಬೇಕೇ ಎಂಬುದು ಪ್ರೋಗ್ರಾಮ್ ಬರೆಯುವವರು ತೀರ್ಮಾನಿಸುವ ವಿಷಯವಲ್ಲ. 365ನ್ನು ಸೂತ್ರದೊಳಗಿಂದ ಹೊರತೆಗೆದು ಹೆಸರು ಕೊಟ್ಟು ಒಂದೇ ಕಡೆ ಇಟ್ಟರು. ಎರಡೂ ಭಾಜಕಗಳಿಂದ ಬರುವ ಮೊತ್ತಗಳನ್ನು ಅಕ್ಕಪಕ್ಕದಲ್ಲಿ ತೋರಿಸುವ ಪಟ್ಟಿಯೊಂದನ್ನು ತೆಗೆದು, ನಿರ್ಧಾರ ಕೋರಿ ಕಾರ್ಖಾನೆಗೆ ಪತ್ರ ಬರೆದರು. ಅಲ್ಲಿಂದ ಉತ್ತರ ಬರುವವರೆಗೆ ಆ ಹಂಗಾಮಿನ ವರದಿ ಎರಡು ಕಂಬಗಳಲ್ಲೇ ಹೋಗುತ್ತಿದೆ.